ಬೆಂಕಿ ಬಟ್ಟಲಿನ ಗುಣದೋಷ

ಫೆಬ್ರವರಿ 6

ಕಡ್ಡಿ,

ನೀನು ಕಳಿಸಿದ ಟಿವಿ ಆಟದ ಪೆಟ್ಟಿಗೆ ಬಂತು. ಒಡೆದಿಲ್ಲ. ಒಳಗೆ ಏನಾದರೂ ಚೂರಾಗಿದೆಯೋ ಎಂದು ಬಿಚ್ಚುವ ಮೊದಲು ಮೂರು ಸಲ ಅಲ್ಲಾಡಿಸಿ ನೋಡಿದೆ. "ಅಲ್ಲಾಡಿಸಿ ಅಲ್ಲಾಡಿಸಿ ನೀವೇ ಒಡೀತೀರಿ," ಎಂದು ನಿನ್ನ ಅಮ್ಮ ಕಿತ್ತುಕೊಂಡಳು.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನರದ ಡಾಕ್ಟರಮ್ಮ ದಿನಕ್ಕೊಂದು ಪುಟ ಕೈಯಾರೆ ಬರೆಯಿರಿ ಎಂದಿದ್ದಾರೆ. ಏಳನೇ ಕ್ಲಾಸು ಮುಗಿಸದವನು ನಾನು, ಬರೆಯುವುದಕ್ಕೆ ನನ್ನ ಹತ್ತಿರ ಏನಿದೆ? ನಿನಗೇ ಬರೆಯುತ್ತೇನೆ. ತಪ್ಪಿದ್ದರೆ ತಿದ್ದಿಕೊಂಡು ಓದು. ಇಲ್ಲೆಲ್ಲ ಕ್ಷೇಮ ಎಂದು ಶುರು ಮಾಡಬೇಕಂತೆ. ನಿನ್ನ ಅಮ್ಮ ಕ್ಷೇಮ, ಬೆಕ್ಕು ಕ್ಷೇಮ.

ಬಲಗೈ ನಡುಗುತ್ತದೆ ಎಂದು ಕ್ರೇನಿನಿಂದ ಇಳಿಸಿ ಇವತ್ತಿಗೆ ಎಪ್ಪತ್ತೊಂಬತ್ತು ದಿನ. ಸಾಮಾನು ಕೋಣೆಯಲ್ಲಿ ಕೂತು ಹುಡುಗರಿಗೆ ಕೈಗವಸು ಕೊಡುತ್ತೇನೆ. ಇಪ್ಪತ್ತಾರು ವರ್ಷ ಅವರ ತಲೆಯ ಮೇಲೆ ಹತ್ತು ಹತ್ತು ಟನ್ ಕಬ್ಬಿಣ ಹಾಯಿಸಿದವನು ಈಗ "ದೊಡ್ಡ ಸೈಜಾ, ಸಣ್ಣ ಸೈಜಾ" ಎಂದು ಕೇಳುತ್ತೇನೆ. ಜೂನ್ ಇಪ್ಪತ್ತಕ್ಕೆ ಮತ್ತೆ ಪರೀಕ್ಷೆ ಇಟ್ಟಿದ್ದಾರೆ. ಅದರಲ್ಲಿ ಪಾಸಾದರೆ ಕ್ಯಾಬಿನ್ನು, ಇಲ್ಲವಾದರೆ ಗವಸು. ಮೂರನೆಯದು ಇಲ್ಲ.

ಆಟದ ವಿಷಯ. ಆಟ ತಯಾರಿಸುವ ನಿಮ್ಮ ಆಫೀಸಿನಲ್ಲಿ ಮಾಡುವಂತೆ ಗುಣ ಒಂದು ಕಡೆ, ದೋಷ ಒಂದು ಕಡೆ ಬರಿ ಎಂದಿದ್ದೀಯ. ಸರಿ.

ಗುಣ: ಕೈಯಲ್ಲಿ ಏನೂ ಹಿಡಿಯಬೇಕಾಗಿಲ್ಲ. ಟಿವಿಯ ಮೇಲೆ ಕೂರಿಸಿದ ಕ್ಯಾಮೆರಾ ನನ್ನ ಕೈ ನೋಡಿಕೊಂಡು ಒಳಗಿರುವ ಹುಡುಗಿಯ ಕೈ ಆಡಿಸುತ್ತದೆ. ಅವಳು ಬೆಂಕಿಯ ಬಟ್ಟಲು ಹೊತ್ತು ಬೆಟ್ಟ ಹತ್ತಬೇಕು, ನೆತ್ತಿಯಲ್ಲಿ ಆರಿಹೋದ ದೊಡ್ಡ ಒಲೆಯನ್ನು ಹೊತ್ತಿಸಬೇಕು. ಕಣಿವೆ ಚೆನ್ನಾಗಿದೆ. ನೀರಿನ ಸದ್ದು ನಿಜದ ನೀರಿನಂತೆಯೇ ಇದೆ. ನಿನ್ನ ಅಮ್ಮ ಎರಡು ಸಲ ಎದ್ದು ಹೋಗಿ ನಲ್ಲಿ ನೋಡಿ ಬಂದಳು.

ದೋಷ: ಕ್ಯಾಮೆರಾಕ್ಕೆ ಯಾರ ಕೈ ಯಾರದೆಂದು ತಿಳಿಯುವುದಿಲ್ಲ. ಹಿಂದಿನಿಂದ ನಿನ್ನ ಅಮ್ಮ ಬಕೆಟ್ ಹಿಡಿದು ಹೋದಳು, ಹುಡುಗಿ ಹೊಳೆಗೆ ಹಾರಿದಳು. ಕಿಟಕಿಯ ಬಿಸಿಲು ಬಿದ್ದರೆ ಕುರುಡಾಗುತ್ತದೆ. ಮಂಚವನ್ನು ಗೋಡೆಗೆ ಸರಿಸದಿದ್ದರೆ ನಿಲ್ಲಲು ಜಾಗವಿಲ್ಲ. ಇಷ್ಟು ಹೊತ್ತು ಹಾಕಿಟ್ಟರೆ ಟಿವಿ ಸುಡುವುದಿಲ್ಲವೇ? ಸುಟ್ಟರೆ ಏನು ಮಾಡುವುದು?

ದೊಡ್ಡ ದೋಷ ನನ್ನದು. ಮೊದಲನೆಯ ಹಗ್ಗದ ಸೇತುವೆ ಇದೆಯಲ್ಲ, ಅಲ್ಲಿ ಬಟ್ಟಲು ಅಲುಗಿದರೆ ಬೆಂಕಿ ಆರುತ್ತದೆ. ಮೂವತ್ತೊಂದು ಸಲ ಆರಿತು.

ನಿನ್ನ ಅಪ್ಪ


ಫೆಬ್ರವರಿ 23

ಅಪ್ಪ,

ಮೂವತ್ತೊಂದು ಸಲ ಏನೂ ಅಲ್ಲ. ಅದೇ ಸೇತುವೆಯನ್ನು ನಾನು ದಿನಕ್ಕೆ ಇನ್ನೂರು ಸಲ ದಾಟಬೇಕು. ಎಲ್ಲಿ ಕೈ ಎತ್ತಿದರೂ ಆಟ ಗಮನಿಸುವುದಿಲ್ಲವೋ ಅದನ್ನು ಬರೆದಿಡುವುದೇ ನನ್ನ ಕೆಲಸ. ಸಂಜೆಗೆ ಭುಜ ಕಳಚಿಟ್ಟ ಹಾಗಾಗುತ್ತದೆ. "ಟ್ರಾಫಿಕ್ ಪೊಲೀಸ್ ಕೆಲಸ, ಗಾಡಿಗಳು ಮಾತ್ರ ಇಲ್ಲ" ಎಂದು ನೀನು ನಗುತ್ತಿದ್ದೆಯಲ್ಲ, ಸರಿಯಾಗಿಯೇ ಹೇಳಿದ್ದೆ.

ಮೊನ್ನೆ ಫೋನಿನಲ್ಲಿ ನಾನು ಹೇಳುತ್ತಾ ಹೋದೆ, ಅಮ್ಮ ಟಿವಿಯಲ್ಲಿ ಒತ್ತುತ್ತಾ ಹೋದಳು. ಆಟವನ್ನು ನಿನ್ನ ಎತ್ತರಕ್ಕೆ ಹೊಂದಿಸಿದ್ದೇವೆ, ಅಷ್ಟೇ. ಮೊದಲು ಅದು ನಿನ್ನನ್ನು ಕುಳ್ಳನೆಂದುಕೊಂಡಿತ್ತು. ಈಗ ಆಡಿ ನೋಡು.

ಮಾತ್ರೆ ಬಿಡಬೇಡ.

ನಿನ್ನ ಕಡ್ಡಿ


ಮಾರ್ಚ್ 11

ಕಡ್ಡಿ,

ದಾಟಿದೆ!

ಯಾರಿಗೂ ಹೇಳಬಾರದೆಂದುಕೊಂಡಿದ್ದೆ, ದೃಷ್ಟಿ ತಾಗೀತು ಎಂದು. ಆದರೂ ಬರೆಯುತ್ತಿದ್ದೇನೆ. ಮೊದಲನೆಯ ಸೇತುವೆ ದಾಟಿದೆ, ಎರಡನೆಯದನ್ನೂ ದಾಟಿದೆ, ಬಾವಲಿಗಳ ಗುಹೆಯಲ್ಲಿ ಅರ್ಧ ದಾರಿ ಬಂದಿದ್ದೇನೆ. ಬೆಂಕಿ ಅಲುಗುವುದಿಲ್ಲ ಮಗಳೇ. ಮೊಳೆ ಹೊಡೆದು ನಿಲ್ಲಿಸಿದಂತೆ ನಿಂತಿರುತ್ತದೆ.

ನನಗೊಂದು ಚಟ ಗೊತ್ತಲ್ಲ, ಕೆಳಗಿನಿಂದ ಯಾರಾದರೂ ಸನ್ನೆ ಮಾಡದೆ ನನ್ನ ಕೈ ಏಳುವುದಿಲ್ಲ. ಇಷ್ಟು ವರ್ಷ ಕೆಳಗೆ ನಿಲ್ಲುವ ನಮ್ಮ ಸನ್ನೆಗಾರ, ಸೀಟಿ ಅಂತ ಕರೆಯುತ್ತೇವಲ್ಲ, ಅವನ ಕೈ ನೋಡಿಯೇ ಎತ್ತಿದ್ದು, ಇಳಿಸಿದ್ದು. ಅದಕ್ಕೆ ನಿನ್ನ ಅಮ್ಮನನ್ನು ಟಿವಿಯ ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಅವಳು ಸೌಟು ಹಿಡಿದು "ಮುಂದೆ, ಮುಂದೆ, ಇನ್ನೂ ಮುಂದೆ, ನಿಲ್ಸೀ" ಎನ್ನುತ್ತಾಳೆ. ಮುಷ್ಟಿ ಹಿಡಿದರೆ ನಿಲ್ಲಿಸು ಎಂದು ಅರ್ಥ, ಅದನ್ನು ಕಲಿಸಲು ಒಂದು ವಾರ ಹಿಡಿಯಿತು. ಒಂದು ಸಲ ಸೌಟನ್ನೇ ನನ್ನ ಕೈ ಎಂದುಕೊಂಡು ಆಟ ಹುಡುಗಿಯನ್ನು ಗೋಡೆಗೆ ಗುದ್ದಿಸಿತು. "ನನ್ನ ಕೈಗೆ ಸಿಕ್ಕಿದ್ದಕ್ಕೆ ಅವಳಿಗೂ ಈ ಗತಿ ಬಂತು ನೋಡಿ," ಎಂದು ನಕ್ಕಳು. ನವೆಂಬರಿನಿಂದ ಈಚೆಗೆ ಅವಳು ಈ ಮನೆಯಲ್ಲಿ ನಕ್ಕದ್ದು ಅದೇ ಮೊದಲು.

ದೋಷ ಕೇಳಿದರೆ, ಬಾವಲಿ ಓಡಿಸಲು ಎರಡೂ ಕೈ ಬೀಸಬೇಕು, ಅದು ಹತ್ತು ಸಲಕ್ಕೆ ನಾಲ್ಕು ಸಲ ಮಾತ್ರ ಹಿಡಿಯುತ್ತದೆ. ಬರೆದುಕೋ. ಹುಡುಗಿ ಮಾತೇ ಆಡುವುದಿಲ್ಲ, ಅದೂ ಒಂದು ಕೊರತೆ. ಇಷ್ಟು ಕಷ್ಟಪಡುವವಳು ಒಂದು ಸಲವಾದರೂ "ಅಯ್ಯೋ" ಎನ್ನಬಾರದೇ?

ಇದು ನಿಜವೇ ಎಂಬ ಭಯ ಮಾತ್ರ ಹೋಗುತ್ತಿಲ್ಲ. ಒಳ್ಳೆಯದಾದರೂ ಭಯಪಡುವ ಜಾತಕ ನನ್ನದು.

ಅಪ್ಪ


ಏಪ್ರಿಲ್ 4

ಕಡ್ಡಿ,

ಉತ್ತರ ಬರಲಿಲ್ಲ. ಕೆಲಸ ಹೆಚ್ಚಿರಬೇಕು. ಹುಷಾರಿದ್ದೀಯ ತಾನೇ?

ಗುಹೆ ಮುಗಿಯಿತು. ಈಗ ಹಿಮದ ಏರು. ಸೀಟಿಗೆ ವಿಷಯ ಹೇಳಿದೆ. ಅವನು ಹೋಗಿ ಸೂಪರ್‌ವೈಸರಿಗೆ ಹೇಳಿದ, "ನಮ್ಮಣ್ಣನ ಕೈ ಕಲ್ಲಾಗಿದೆ ಸಾರ್" ಎಂದು. ಅವರು, "ಕಲ್ಲಾದ್ರೆ ಲಿವರ್ ಹೇಗ್ರೀ ಎಳೀತಾರೆ?" ಎಂದರಂತೆ. ಆದರೂ ಹೆಸರು ಪಟ್ಟಿಗೆ ಸೇರಿಸಿದ್ದಾರೆ.

ನಮ್ಮ ಯಾರ್ಡಿನ ಪರೀಕ್ಷೆ ನೀನು ನೋಡಿಲ್ಲ. ಡ್ರಮ್ಮಿಗೆ ಕಂಠಮಟ್ಟ ನೀರು ತುಂಬಿ ಕೊಕ್ಕೆಗೆ ಕಟ್ಟುತ್ತಾರೆ. ಈ ತುದಿಯಿಂದ ಆ ತುದಿಗೆ ಸಾಗಿಸಿ, ಕಬ್ಬಿಣದ ಕಂಬದ ಪಕ್ಕ ಸುಣ್ಣದಲ್ಲಿ ಬರೆದ ಸುತ್ತಿನೊಳಗೆ ಇಳಿಸಬೇಕು. ನೀರು ತುಳುಕಬಾರದು. ಇದು ಕಾಗದದಲ್ಲಿರುವ ನಿಯಮ. ಕಾಗದದಲ್ಲಿ ಇಲ್ಲದ್ದು ಇನ್ನೊಂದಿದೆ. ಡ್ರಮ್ಮು ಎದೆಯ ಎತ್ತರಕ್ಕೆ ಇಳಿದಾಗ ಸನ್ನೆಯವನು ಹತ್ತಿರ ಬಂದು ಅದರ ಮಗ್ಗುಲಿಗೆ ಅಂಗೈ ಇಡುತ್ತಾನೆ. ಮೇಲಿರುವವನನ್ನು ನಾನು ನಂಬುತ್ತೇನೆ ಎಂದು ಅದರ ಅರ್ಥ. ಕೈ ಇಡದಿದ್ದರೆ ಪಾಸಾದರೂ ಮರ್ಯಾದೆ ಇಲ್ಲ. ನನ್ನ ಮೊದಲ ಪರೀಕ್ಷೆಯಲ್ಲಿ ಕೈ ಇಟ್ಟವನು ಸೀಟಿ. ಆಗ ಅವನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಈ ಸಲವೂ ನಾನೇ ಇಡೋನು ಎಂದು ಕೂತಿದ್ದಾನೆ.

ಒಂದು ಮಾತು, ನಿನ್ನ ಅಮ್ಮನಿಗೆ ಹೇಳಬೇಡ. ಡಾಕ್ಟರಮ್ಮನ ಹತ್ತಿರ ಹೋಗುವುದನ್ನು ನಿಲ್ಲಿಸಿದ್ದೇನೆ. ಆಟದಲ್ಲಿ ಹಿಮದ ಮೇಲೆ ನಡೆಯುವವನಿಗೆ ಡಾಕ್ಟರು ಯಾಕೆ? ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಅದನ್ನೂ ಅರ್ಧ ಮಾಡಿದ್ದೇನೆ. ಟೀ ಲೋಟ ಹಿಡಿದರೆ ಮಾತ್ರ ಈಗಲೂ ಸ್ವಲ್ಪ ಚೆಲ್ಲುತ್ತದೆ. ಲೋಟದ ಅಂಚು ಸರಿಯಿಲ್ಲ ಎಂದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ನಿನ್ನ ಅಮ್ಮ ಬಟ್ಟೆ ತಂದು ಒರೆಸಿದಳು. ಈ ಸಲ ನಗಲಿಲ್ಲ.

ಅಪ್ಪ


ಏಪ್ರಿಲ್ 29

ಅಪ್ಪ,

ತಡವಾಯಿತು, ಬೈದುಕೊಳ್ಳಬೇಡ. ಎರಡು ಸಲ ಬರೆದು ಹರಿದೆ.

ಡಾಕ್ಟರ ಹತ್ತಿರ ಹೋಗು. ದಯವಿಟ್ಟು ಹೋಗು. ಆಟ ಬೇರೆ, ಮೈ ಬೇರೆ. ಪರೀಕ್ಷೆಯನ್ನು ಆರು ತಿಂಗಳು ಮುಂದಕ್ಕೆ ಹಾಕಲು ಬರುವುದಿಲ್ಲವೇ? ಸೂಪರ್‌ವೈಸರನ್ನು ಕೇಳಿ ನೋಡು.

ನಿನ್ನ ಅಕ್ಷರ ಮೊದಲಿಗಿಂತ ಸಣ್ಣದಾಗಿದೆ. ಫೆಬ್ರವರಿಯ ಕಾಗದದಲ್ಲಿ ಒಂದು ಸಾಲಿಗೆ ಏಳು ಪದ ಇದ್ದವು, ಏಪ್ರಿಲಿನದರಲ್ಲಿ ಹದಿಮೂರು. ಸಾಲಿನ ಕೊನೆಗೆ ಬರುವಷ್ಟರಲ್ಲಿ ಇರುವೆ ಸಾಲಾಗುತ್ತದೆ. ಆಫೀಸಿನ ಭೂತಗನ್ನಡಿ ಹಿಡಿದು ಓದಿದೆ. ಕಾಗದ ಉಳಿಸಲು ಹೀಗೆ ಬರೆಯುತ್ತಿದ್ದೀಯಾ?

ನಿನಗೊಂದು ಮಾತು ಹೇಳಬೇಕು. ಬಂದಾಗ ಹೇಳುತ್ತೇನೆ.

ನಿನ್ನ ಕಡ್ಡಿ


ಮೇ 18

ಕಡ್ಡಿ,

ನಿನ್ನ ಕಾಗದ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತಿದೆ. ಆರು ತಿಂಗಳು ಮುಂದೆ ಹಾಕು ಎಂದು ಸೂಪರ್‌ವೈಸರ್ ಹೇಳಿದ್ದರೆ ಸುಮ್ಮನಿರುತ್ತಿದ್ದೆ. ನೀನು ಹೇಳಿದೆ. ಎರಡು ದಿನ ಊಟ ಸೇರಲಿಲ್ಲ.

ಮುಂದೆ ಹಾಕಿದರೆ ನನ್ನ ಸೀಟಿನಲ್ಲಿ ಬೇರೆಯವನು ಕೂರುತ್ತಾನೆ. ಕೂತವನು ಏಳುತ್ತಾನೆಯೇ? ಐವತ್ತೆಂಟು ಮೆಟ್ಟಿಲು ಹತ್ತಿ ಹೋದರೆ ಆ ಗಾಜಿನ ಡಬ್ಬಿಯೊಳಗೆ ನಾನೂ ಒಬ್ಬ ಮನುಷ್ಯ. ಭಯದ ಸ್ವಭಾವದವನು ನಾನು, ರಸ್ತೆ ದಾಟಲು ಭಯ, ಗ್ಯಾಸ್ ಹಚ್ಚಲು ಭಯ, ಫೋನ್ ಹೊಡೆದುಕೊಂಡರೆ ಭಯ. ಅಲ್ಲಿ ಮಾತ್ರ ಭಯವಿರಲಿಲ್ಲ. ಇದು ನಿನಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ. ಸಾಮಾನು ಕೋಣೆಗೆ ಕಿಟಕಿ ಇಲ್ಲ. ಕೂತಲ್ಲೇ ನನ್ನ ಕೈಯನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಳ್ಳುತ್ತೇನೆ, ಬೇರೆಯವರ ನಾಯಿಯನ್ನು ಹಿಡಿದಿಟ್ಟುಕೊಂಡಂತೆ.

ಬೆಟ್ಟದ ನೆತ್ತಿ ಮುಟ್ಟಿದೆ. ಭಾನುವಾರ, ಮಧ್ಯಾಹ್ನ. ಒಲೆ ಹೊತ್ತಿತು. ಕಣಿವೆಯಲ್ಲಿ ಒಂದೊಂದೇ ಮನೆಯ ದೀಪ ಹತ್ತುತ್ತಾ ಹೋಯಿತು. ಅದನ್ನು ಮಾಡಿದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ. ನಿನ್ನ ಅಮ್ಮ ಸೌಟು ಹಿಡಿದೇ ಅತ್ತಳು. ಇದಕ್ಕಿಂತ ದೊಡ್ಡ ಗುಣ ಒಂದು ಆಟಕ್ಕೆ ಇರಲಾರದು.

ಈಗ ನೇರ ಕೇಳುತ್ತೇನೆ. ದೋಷ ಹುಡುಕುವುದೇ ನಿನ್ನ ಕೆಲಸ. ನನ್ನ ಕೈಯಲ್ಲೋ, ಆಟದಲ್ಲೋ, ನನಗೆ ಕಾಣದ ದೋಷ ಏನಾದರೂ ಇದ್ದರೆ ಬರಿ. ಬಂದಾಗ ಹೇಳುತ್ತೇನೆ ಎನ್ನಬೇಡ. ಜೂನ್ ಇಪ್ಪತ್ತರ ಒಳಗೆ ಬರಿ. ಇಲ್ಲವೆಂದರೆ ಇಲ್ಲ ಎಂದೂ ಬರಿ, ಧೈರ್ಯ ಬರುತ್ತದೆ.

ಅಪ್ಪ


ಜೂನ್ 10

ಅಪ್ಪ,

ದೋಷ ಏನೂ ಇಲ್ಲ. ಧೈರ್ಯವಾಗಿ ಹೋಗಿ ಬಾ.

ಕಡ್ಡಿ


ಜೂನ್ 27

ಮಗಳೇ,

ಅಮ್ಮ ಫೋನಿನಲ್ಲಿ ಹೇಳಿದ್ದಾಳೆ. ಆದರೂ ನಾನು ಬರೆಯಬೇಕು. ಈ ಕಾಗದಕ್ಕೆ ನಾಲ್ಕು ದಿನ ಹಿಡಿಯಿತು.

ಬೆಳಿಗ್ಗೆ ಹತ್ತು ಗಂಟೆ. ಮೆಟ್ಟಿಲು ಹತ್ತಿದೆ. ಲಿವರ್ ಹಿಡಿದಾಗ ಕೈ ಹೇಗಿತ್ತೆಂದು ನೋಡಲಿಲ್ಲ. ನಿಮ್ಮ ಆಟದಲ್ಲಿ ಅದೇ ಅಭ್ಯಾಸವಾಗಿತ್ತು, ಕಣ್ಣು ಬಟ್ಟಲಿನ ಮೇಲೆ, ಕೈಯ ಮೇಲಲ್ಲ. ಡ್ರಮ್ಮು ಎದ್ದಿತು. ಸೀಟಿ ಕೆಳಗೆ ಮುಂದೆ ಮುಂದೆ ನಡೆಯುತ್ತಾ ಬಾ ಬಾ ಎಂದು ಕೈ ಬೀಸುತ್ತಿದ್ದ. ನೀರು ತುಳುಕುತ್ತಿತ್ತಂತೆ. ಮೊದಲ ಹತ್ತು ಅಡಿಯಲ್ಲೇ ಅವನ ಅಂಗಿ ನೆನೆಯಿತಂತೆ. ನನಗೆ ಮೇಲಿನಿಂದ ಕಾಣಲಿಲ್ಲ. ಅವನು ಮುಷ್ಟಿ ಹಿಡಿಯಬೇಕಿತ್ತು, ಹಿಡಿಯಲಿಲ್ಲ. ಬಿದ್ದ ನೀರು ಸೂಪರ್‌ವೈಸರಿಗೆ ಕಾಣಬಾರದೆಂದು ಅಡ್ಡ ನಿಂತುಕೊಂಡೇ ನಡೆದನಂತೆ.

ಸುತ್ತಿನ ಮೇಲೆ ತಂದು ಇಳಿಸಿದೆ. ಎದೆಯ ಎತ್ತರಕ್ಕೆ ಬಂದಾಗ ಅವನು ಮೇಲೆ ನೋಡಿ ನಕ್ಕ. ಅಂಗೈ ಇಟ್ಟ. ಆಗ ನನ್ನ ಕೈ ಲಿವರನ್ನು ಜಗ್ಗಿತು. ನಾನು ಜಗ್ಗಲಿಲ್ಲ ಮಗಳೇ, ಕೈ ಜಗ್ಗಿತು. ಡ್ರಮ್ಮು ಓಲಾಡಿ ಕಂಬಕ್ಕೆ ಹೊಡೆಯಿತು. ನಡುವೆ ಅವನ ಕೈ ಇತ್ತು.

ನಾಲ್ಕು ಬೆರಳು ಹೋದವು. ಬಲಗೈ. ಸನ್ನೆ ಮಾಡುವ ಕೈ.

ಆಸ್ಪತ್ರೆಗೆ ಹೋದೆ. ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಸೀಟಿಯೇ ಕರೆದ. "ಅಣ್ಣ, ತಪ್ಪು ನಂದು. ನೀರು ಚೆಲ್ತಾನೇ ಇತ್ತು, ನಾನೇ ಹೇಳ್ಲಿಲ್ಲ. ನಿಲ್ಸು ಅಂದಿದ್ರೆ ನಿನ್ನ ಮುಖ ಹೇಗಾಗ್ತಿತ್ತು ಅಂತ..." ಅಷ್ಟು ಹೇಳಿ ಗೋಡೆಯ ಕಡೆ ತಿರುಗಿದ.

ಈಗ ನಿನ್ನನ್ನು ಒಂದು ಕೇಳಬೇಕು. ಮನೆಯಲ್ಲಿ ಅಲುಗದ ಕೈ ಅಲ್ಲಿ ಯಾಕೆ ಅಲುಗಿತು ಎಂದು ತಲೆ ಕೆಟ್ಟುಹೋಗಿತ್ತು. ನಾಲ್ಕನೆಯ ದಿನ ಟಿವಿಯ ಮುಂದೆ ನಿಂತೆ. ಬಟ್ಟಲು ಎತ್ತಿದೆ. ಈ ಸಲ ಪರದೆಯನ್ನು ನೋಡದೆ ನನ್ನ ಕೈಯನ್ನು ನೋಡಿದೆ. ಗಾಳಿಗೆ ಸಿಕ್ಕ ಎಲೆಯಂತೆ ಬಡಿದುಕೊಳ್ಳುತ್ತಿತ್ತು. ತಲೆ ಎತ್ತಿ ನೋಡಿದರೆ ಬೆಂಕಿ ನೆಟ್ಟಗೆ ನಿಂತಿದೆ. ನಿನ್ನ ಅಮ್ಮನನ್ನು ಕರೆದೆ. ಅವಳೂ ನೋಡಿದಳು. ನನ್ನ ಕೈ, ಬೆಂಕಿ, ನನ್ನ ಕೈ, ಬೆಂಕಿ. ಆಮೇಲೆ ಅವಳು ನೆಲದ ಮೇಲೆ ಕೂತುಬಿಟ್ಟಳು. "ನಾನೇ ಒತ್ತಿದ್ದು ಕಣ್ರೀ. ಎತ್ತರ ಅಂದಳು. ಎತ್ತರ ಅಂತ ಒತ್ತಿದೆ," ಎಂದಳು.

ಏನು ಒತ್ತಿಸಿದೆ ಮಗಳೇ?

ಅಪ್ಪ


ಜುಲೈ 9

ಅಪ್ಪ,

ಅದು ಎತ್ತರದ್ದಲ್ಲ. ನಡುಕ ತಿದ್ದುವುದು. ಕೈ ಸ್ಥಿರವಿಲ್ಲದ ಪುಟ್ಟ ಮಕ್ಕಳಿಗೆಂದು ಇಟ್ಟದ್ದು. ಕೈ ಎಷ್ಟೇ ಅಲುಗಿದರೂ ಆಟ ಅಲುಗಾಟವನ್ನೆಲ್ಲ ಕಳೆದು ನೇರ ಗೆರೆ ಮಾತ್ರ ಉಳಿಸಿಕೊಳ್ಳುತ್ತದೆ. ಅದು ಸರಿಯಾಗಿ ನಡೆಯುತ್ತದೆಯೇ ಎಂದು ಹೋದ ವರ್ಷ ನೋಡಿದವಳು ನಾನೇ. ಕೈಯನ್ನು ಬೇಕೆಂದೇ ನಡುಗಿಸಿ ನಡುಗಿಸಿ ನೋಡಿದ್ದೆ. ನಮ್ಮ ಹಾಳೆಯಲ್ಲಿ ಅದನ್ನು ಗುಣದ ಕಡೆ ಬರೆದೆ.

ಮೂವತ್ತೊಂದು ಸಲ ಆರಿತು ಎಂದು ಬರೆದಿದ್ದೆಯಲ್ಲ. ಆ ಸಾಲು ಓದಿ ನನಗೆ ತಡೆಯಲಾಗಲಿಲ್ಲ. ನಾಲ್ಕು ದಿನ ಖುಷಿಯಾಗಿರಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಅಮ್ಮ ನಕ್ಕಳು ಎಂದು ನೀನು ಬರೆದೆ. ಹೇಳಲಿಲ್ಲ. ನಿನ್ನ ಅಕ್ಷರ ಸಣ್ಣದಾಗುತ್ತಾ ಬಂತು, ಕಾಯಿಲೆ ಹೆಚ್ಚುತ್ತಿದೆ ಎಂದು ನನಗೆ ಗೊತ್ತಿತ್ತು. ಆಗಲೂ ಹೇಳಲಿಲ್ಲ. ಕ್ಯಾಬಿನ್ನಿನಲ್ಲಿ ಮಾತ್ರ ಭಯವಿರಲಿಲ್ಲ ಎಂದು ನೀನು ಬರೆದೆ. ಅದಾದ ಮೇಲೆ ಹೇಗೆ ಹೇಳಲಿ?

ಕೈ ಇಡುವ ವಿಷಯ ನೀನು ಬರೆದಿದ್ದೆ. ಓದಿದ್ದೆ. ಓದಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಅಷ್ಟು ದೂರ ಹೋಗುವುದೇ ಇಲ್ಲ, ಮೊದಲೇ ನೀರು ಚೆಲ್ಲುತ್ತದೆ, ಸೀಟಿ ಮಾಮ ನಿಲ್ಲಿಸುತ್ತಾರೆ, ನಿನ್ನನ್ನು ಮನೆಗೆ ಕಳಿಸುತ್ತಾರೆ, ಆಗ ನಾನು ಹೇಳಬೇಕಾಗಿಯೇ ಇಲ್ಲ ಎಂದು ಲೆಕ್ಕ ಹಾಕಿದ್ದೆ. ನಾನು ಹೇಳಬೇಕಾದದ್ದನ್ನು ಅವರಿಂದ ಹೇಳಿಸಲು ನೋಡಿದೆ.

ಕೆಲಸಕ್ಕೆ ಹೋಗುತ್ತಿದ್ದೇನೆ. ಆಟದ ಸೇತುವೆ ಬಂದರೆ ಕೈ ಮೇಲೇಳುವುದಿಲ್ಲ. ಸೆಪ್ಟೆಂಬರಿನಲ್ಲಿ ರಜೆ ಹಾಕಿ ಬರಲೇ? ಮಾಮನ ಕಾಲು ಹಿಡಿದುಕೊಳ್ಳುತ್ತೇನೆ. ಬೈದು ಬರಿ. ಏನಾದರೂ ಬರಿ.

ಕಡ್ಡಿ


ಆಗಸ್ಟ್ 30

ಮಗಳೇ,

ಇದನ್ನು ನಿನ್ನ ಅಮ್ಮ ಬರೆಯುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ. ಪೆನ್ನು ಹಿಡಿಯಲು ಆಗುತ್ತಿಲ್ಲ.

ಬೈಯಲು ಕೂತೆ, ಬೈಗುಳ ಬರಲಿಲ್ಲ. ನನ್ನನ್ನೇ ಬೈದುಕೊಂಡೆ, ಅದೂ ಪೂರ್ತಿಯಾಗಲಿಲ್ಲ. ಚೆಲ್ಲಿದ ಟೀ ದಿನಾ ಕಣ್ಣೆದುರು ಇತ್ತು. ಅಮ್ಮ ಒರೆಸುತ್ತಿದ್ದಳು, ನಾನು ಲೋಟವನ್ನು ಬೈಯುತ್ತಿದ್ದೆ. ನೀನು ಮುಚ್ಚಿಟ್ಟೆ ನಿಜ. ಮುಚ್ಚಿಟ್ಟದ್ದರ ಮೇಲೆ ಹೋಗಿ ಕೂತವನು ನಾನು.

ಕೆಲಸ ಬಿಟ್ಟೆ. ಗವಸಿನ ಕೋಣೆಗೂ ಹೋಗುವುದಿಲ್ಲ. ದಿನಾ ಹನ್ನೊಂದಕ್ಕೆ ಸೀಟಿಯ ಮನೆಗೆ ಹೋಗಿ ಕೂರುತ್ತೇನೆ. ಅವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುವುದಿಲ್ಲ. ನನ್ನ ಕೈಯಿಂದಲೂ ಆಗುವುದಿಲ್ಲ. ಇಬ್ಬರೂ ಸೇರಿದರೂ ಒಂದು ಗುಂಡಿಗೆ ಕಾಲು ಗಂಟೆ ಹಿಡಿಯುತ್ತದೆ. ಮೊದಲ ದಿನ ಅವನು ನಕ್ಕ. ಈಗ ನಗುವುದಿಲ್ಲ. ಅವನ ಹೆಂಡತಿ ನೋಡಿ ಒಳಗೆ ಹೋಗುತ್ತಾಳೆ.

ನೀನು ಗೊತ್ತಿದ್ದೂ ಹೇಳಲಿಲ್ಲ ಎಂಬುದನ್ನು ಅವನಿಗೆ ಹೇಳಿಲ್ಲ. ನನ್ನ ಕೈಯೊಂದೇ ಕೈಕೊಟ್ಟಿತು ಎಂದು ನಂಬಿದ್ದಾನೆ. ಮೊನ್ನೆ ಕೇಳಿದ, "ನಮ್ಮ ಕಡ್ಡಿ ಹೇಗಿದಾಳೆ ಅಣ್ಣ? ಪಾಪ, ನಿನಗೋಸ್ಕರ ಆಟ ಎಲ್ಲ ಕಳ್ಸಿದ್ಲು." ನಾನು "ಹ್ಞೂಂ, ಚೆನ್ನಾಗಿದಾಳೆ" ಎಂದೆ. ಬೆರಳು ಹೋದವನಿಂದ ನಿನ್ನನ್ನೂ ಕಿತ್ತುಕೊಳ್ಳಲು ಆಗಲಿಲ್ಲ. ಇಂಥದ್ದೇ ಕಾರಣ ನಿನಗೂ ಇತ್ತಲ್ಲವೇ? ಆಗ ಅರ್ಥವಾಯಿತು. ಅರ್ಥವಾದರೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಸೆಪ್ಟೆಂಬರಿಗೆ ಬರಬೇಡ. ಅಮ್ಮ ಇದನ್ನು ಬರೆಯಲು ಒಪ್ಪುತ್ತಿಲ್ಲ, ಬರಿ ಎಂದು ಹೇಳಿ ಬರೆಸುತ್ತಿದ್ದೇನೆ. ಬಂದರೆ ಅವನನ್ನು ನೋಡಲು ಹೋಗಲೇಬೇಕು. ಹೋದರೆ ಅವನು ಎಡಗೈಯಿಂದ ನಿನ್ನ ತಲೆ ಸವರುತ್ತಾನೆ. ಆಗ ನೀನು ಹೇಳುತ್ತೀಯ, ಇಲ್ಲವೇ ಸುಮ್ಮನಿರುತ್ತೀಯ. ಎರಡರಲ್ಲಿ ಯಾವುದನ್ನೂ ನಿಂತು ನೋಡುವ ಶಕ್ತಿ ನನಗಿಲ್ಲ.

ನಿನ್ನ ಅಪ್ಪ